ಎಂಟು ಜನ ಬಂದುಹೋದ ಹಾಡು

ಬೇಸಿಗೆ ಕಾಲಿಟ್ಟು ಹದಿನೈದು ದಿನವಾಗಿತ್ತು. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬೇಡಿ. ನಮ್ಮ ಕಟ್ಟಡದ ಗೇಟಿನ ಪುಸ್ತಕದಲ್ಲಿ ಹಾಗೆ ಬರೆದಿದೆ. ಆ ಪುಸ್ತಕವೇ ಮುಂದೆ ನಮ್ಮ ಮನೆಯ ಮಾನವನ್ನು ಬೀದಿಗೆ ತಂದದ್ದು, ಆಮೇಲೆ ಒಳಗೆ ಕರೆತಂದದ್ದೂ ಅದೇ.

ಆ ಹೊತ್ತಿಗೆ ತಲೆಯ ಹೆಲ್ಮೆಟ್ಟು ತೆಗೆಯದ ಒಬ್ಬ ಮನುಷ್ಯ ಮೂರನೇ ಮಹಡಿಗೆ ಬಂದು ನಮ್ಮ ಕರೆಗಂಟೆ ಒತ್ತಿದ. ಅಳಿಯ ಓಡಿಹೋಗಿ ಬಾಗಿಲು ತೆಗೆದು, "ಫೋಟೋ ನೋಡಿ ಬಂದವರು ನೀವೇನಾ?" ಎಂದು ಪಿಸುಗುಟ್ಟಿದ. ಅವನು ಹೆಲ್ಮೆಟ್ಟು ಅಲ್ಲಾಡಿಸಿದ. ಇಬ್ಬರೂ ಮಲಗುವ ಕೋಣೆಗೆ ಹೋದರು. ಕಾಲು ಗಂಟೆಯಲ್ಲಿ ಆ ಮನುಷ್ಯ ಹೊರಗೆ ಬಂದು, ಕೋಣೆಯ ಬಾಗಿಲಲ್ಲಿ ನಿಂತು, ಮೇಲೆ ನೋಡಿ, ಕೆಳಗೆ ನೋಡಿ, "ನಾಳೆ ಫೋನ್ ಮಾಡ್ತೀನಿ" ಎಂದು ಹೊರಟುಹೋದ. ಆ ನಾಳೆ ಇನ್ನೂ ಬಂದಿಲ್ಲ.

ನಾನು ಹಿಂದಿನ ಸಣ್ಣ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನಲವತ್ತೈದು ವರ್ಷ ಬಡಗಿ ಕೆಲಸ ಮಾಡಿದವನು. ಗರಗಸದ ಸದ್ದಿಗೆ ಮಾವನ ಕಿವಿ ಹೋಗಿದೆ ಎಂದು ಅಳಿಯ ನಂಬಿದ್ದಾನೆ. ಹೋಗಿರುವುದು ಒಂದೇ ಕಿವಿ. ಗೋಡೆಗೆ ನಾನು ಕೊಡುವುದು ಇನ್ನೊಂದನ್ನು.

ಸುತ್ತಿ ಬಳಸುವುದೇಕೆ, ವಿಷಯ ಹೇಳಿಬಿಡುತ್ತೇನೆ. ಅಳಿಯ ಮಾರಲು ಹೊರಟಿದ್ದದ್ದು ಬೀರುವನ್ನು. ಗಟ್ಟಿ ಮರದ ಬೀರು, ನಾಲ್ಕೂವರೆ ಅಡಿ ಅಗಲ, ಹಾಸಿಗೆ ಸುರುಳಿ ನೇರವಾಗಿ ಹಿಡಿಯಲೆಂದು ಮೂರಡಿ ಆಳ. ಮಗಳ ಮದುವೆಗೆ ನನ್ನ ಕೈಯಾರೆ ಮಾಡಿಕೊಟ್ಟದ್ದು. ಅರ್ಧ ಕೋಣೆಯನ್ನೂ ಇದ್ದ ಒಂದೇ ಕಿಟಕಿಯನ್ನೂ ನುಂಗಿ ಹದಿನಾರು ವರ್ಷದಿಂದ ಆನೆಯ ಹಾಗೆ ನಿಂತಿದೆ. ಅಳಿಯನಿಗೆ ಆ ಕಿಟಕಿಯ ಪಕ್ಕ ಒಂದು ಮೇಜು ಬೇಕಿತ್ತು. ಏಕೆಂದರೆ ಅವನು ಹಾಡು ಬರೆಯುವವನು. ನೀರಿನ ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಂಡಿಯ ಹಿಂದೆ ಕೂತು, ನೀರು ಬರಲಿಲ್ಲ ಎಂದು ಬಂದವರಿಗೆಲ್ಲ "ಬರುತ್ತೆ" ಎಂದು ಹೇಳುವುದು ಅವನ ಉದ್ಯೋಗ. ಪಾಳಿ ಎರಡು ಗಂಟೆಗೆ ಮುಗಿದರೆ ಮಿಕ್ಕ ಹೊತ್ತೆಲ್ಲ ಹಾಡು. ಚಂದ್ರನ ಮೇಲೇ ನಲವತ್ತು ಬರೆದಿದ್ದ. ಒಂದನ್ನೂ ಯಾರೂ ಹಾಡಲಿಲ್ಲ. ಮೇಜಿಲ್ಲ, ಅದಕ್ಕೇ, ಎಂದು ಅವನ ತೀರ್ಮಾನ.

ಆದರೆ ಮಗಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಅಪ್ಪ ಇರೋ ತನಕ ಆ ಬೀರು ಅಲ್ಲಿಂದ ಒಂದಿಂಚು ಕದಲಬಾರದು." ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸದವಳು, ಆರು ಗಂಟೆಗೆ ಬರುತ್ತಾಳೆ. ಹಾಗಾಗಿ ಅಳಿಯ ಬೀರುವಿನ ಫೋಟೋ ತೆಗೆದು ಫೋನಿನಲ್ಲಿ ಹಾಕಿ, ನೋಡುವವರನ್ನೆಲ್ಲ ಎರಡರಿಂದ ಆರರ ಒಳಗೆ ಬರಹೇಳಿದ. ಬೀರು ಹೋದಮೇಲೆ ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿರಲಿಲ್ಲ. ಅದು ಅವನ ಸ್ವಭಾವ. ಮಳೆ ಬಂದಮೇಲೆ ಕೊಡೆ ಹೊಲಿಸುವ ಆಸಾಮಿ.

ಎರಡು ವಾರದಲ್ಲಿ ಎಂಟು ಜನ ಬಂದರು. ಹೆಲ್ಮೆಟ್ಟಿನವನು ಒಬ್ಬ. ಕೊಡೆ ಊರಿಕೊಂಡು ಬಂದ ವಯಸ್ಸಾದ ಹೆಂಗಸು ಒಬ್ಬಳು. ಅಳತೆ ಟೇಪು ಹಿಡಿದ ಶಾಲಾ ಮೇಡಂ ಒಬ್ಬರು. ಗಂಡ ಹೆಂಡತಿ ಒಂದು ಜೋಡಿ. ಆ ಹೆಣ್ಣುಮಗಳು ಬೀರುವಿನ ಬಾಗಿಲು ತೆಗೆದು ಒಳಗೆ ಮುಖವಿಟ್ಟು, "ರೀ, ಇನ್ನೂ ಮರದ ವಾಸನೆ ಹೋಗಿಲ್ಲ ನೋಡ್ರೀ, ನಂಗೆ ಇದೇ ಬೇಕು" ಎಂದದ್ದು ಗೋಡೆಯ ಈಚೆಗೂ ಕೇಳಿಸಿತು. ಆ ದಿನ ನಾನು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ. ಕೊನೆಗೆ, ಅಳಿಯನೇ ಗೊತ್ತುಮಾಡಿದ ಮೂವರು ಹಮಾಲರು, ಹಗ್ಗದ ಸಮೇತ. ಬೀರುವನ್ನು ಕೆಳಗಿಳಿಸಿ ಮೆಟ್ಟಿಲ ಬಳಿ ಇಟ್ಟರೆ ಕೊಳ್ಳುವವರು ಬೇಗ ಸಿಗುತ್ತಾರೆಂದು ಅವನ ಲೆಕ್ಕ. ಅವರಿಗೆ ತಣ್ಣಗೆ ಏನಾದರೂ ತರೋಣವೆಂದು ಅವನು ಕೆಳಗಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವರೂ ಮಾಯ. ಯಾಕೆ ಮಾಯವಾದರೆಂದು ನನಗೆ ಗೊತ್ತು. ಅದು ಹೇಳುವ ಹೊತ್ತು ಮುಂದೆ ಬರುತ್ತದೆ.

ಇದೇ ದಿನಗಳಲ್ಲಿ ಒಬ್ಬ ಗಾಯಕನಿಂದ ಅಳಿಯನಿಗೆ ಫೋನು ಬಂತು. ಮೀಸೆ ಈಗಷ್ಟೇ ಬಂದ ಧ್ವನಿ. "ಸಾರ್, ಚಂದ್ರ ಸಾಕು ಸಾರ್. ಈಗಿನವರು ಫೋನಲ್ಲೇ ಗೊತ್ತು ಮಾಡ್ಕೊಂಡು, ಒಂದ್ ಸಲ ಸೇರಿ, ಹೆಸರೂ ಕೇಳ್ದೆ ಬಿಟ್ಟುಹೋಗ್ತಾರಲ್ಲ, ಅದರ ಮೇಲೆ ಒಂದು ಕೊಡಿ. ನಿಮಗೆ ಅದೆಲ್ಲ ಗೊತ್ತಿದ್ರೆ."

'ಗೊತ್ತಿದ್ರೆ' ಎಂಬ ಮಾತು ನಮ್ಮ ಅಳಿಯನಿಗೆ ಚುಚ್ಚಿತು. ಮದುವೆಗೆ ಮುಂಚೆ ಒಂದು ಹೆಣ್ಣಿಗೆ ಕಾಗದ ಬರೆದು ಅದನ್ನು ಅಂಚೆಗೆ ಹಾಕಲು ಮರೆತ ಪುಣ್ಯಾತ್ಮ ಅವನು. ಅದೇ ಅವನ ಪ್ರಣಯದ ಒಟ್ಟು ಚರಿತ್ರೆ. ಆದರೂ "ಗೊತ್ತಿಲ್ಲದೆ ಏನು, ನಾಳೆಯೇ ಕೊಡ್ತೀನಿ" ಎಂದುಬಿಟ್ಟ. ಬೀರುವಿನ ಮುಂದೆ ಕೂತು, ಎರಡು ವಾರ ಕಂಡದ್ದನ್ನೆಲ್ಲ ಹಾಡಿಗೆ ಸುರಿದ:

ಫೋಟೋ ನೋಡಿ ಬಂದೆ ನೀನು, ಹೆಸರು ಕೇಳಲಿಲ್ಲ,
ಮುಟ್ಟಿ ನೋಡಿ ಮೆಚ್ಚಿದೆ ನೀನು, ಕೂತು ಮಾತಾಡಲಿಲ್ಲ,
ನಾಳೆ ಫೋನು ಮಾಡುವೆನೆಂದೆ ಬಾಗಿಲಲ್ಲಿ ನಿಂತು,
ಯಾವ ನಾಳೆ ಎಂದು ಕೇಳಲು ಗಂಟಲು ಕಟ್ಟಿ ಬಂತು.

ಗಾಯಕ ಓದಿ ಬೆಚ್ಚಿಬಿದ್ದ. "ಸಾರ್! ಇದು ಕೂತು ಬರೆದದ್ದಲ್ಲ, ಬಾಳಿ ಬರೆದದ್ದು. ನೀವು ಭಾರಿ ಅನುಭವಸ್ಥರು!"

ಇಲ್ಲಪ್ಪ ಎನ್ನಲು ಎಷ್ಟು ಹೊತ್ತು ಬೇಕು? ಅಳಿಯ ಅಷ್ಟು ಹೊತ್ತೂ ಮೀಸೆ ತಿರುವಿದ.

ಹಾಡು ಹೊರಬಂತು. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ನೀರಿಲ್ಲವೆಂದು ನಿಂತ ಸಾಲಿನಲ್ಲಿ, ಎಲ್ಲ ಕಡೆ ಅದೇ. ಒಂದು ಮಂಗಳವಾರ ಹನ್ನೊಂದು ಗಂಟೆಗೆ ರೇಡಿಯೋದವರು ಹಾಡಿನ ಅರ್ಥ ವಿವರಿಸಲು ಅವನನ್ನು ಕರೆದರು. ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹೋದ. ಇಸ್ತ್ರಿ ಮಾಡಿಕೊಟ್ಟವಳು ನನ್ನ ಮಗಳೇ, ಪಾಪ.

ನಾನು ಮನೆಯಲ್ಲಿ ರೇಡಿಯೋಗೆ ಒಳ್ಳೆಯ ಕಿವಿ ಕೊಟ್ಟು ಕೂತೆ. ನಿರೂಪಕಿ ಜೇನಿನಂಥ ದನಿಯಲ್ಲಿ ಕೇಳಿದಳು: "ಸರ್, ಇದು ಕಲ್ಪನೆಯೋ, ಅನುಭವವೋ?"

"ಕಲ್ಪನೆ ಮಾಡೋಕೆ ನಾನೇನು ಚಂದ್ರನ ಮೇಲೆ ಬರೀತೀನಾ?" ಎಂದ ಅಳಿಯ. ನಲವತ್ತು ಹಾಡನ್ನು ಒಂದೇ ಉಸಿರಿಗೆ ನೀರಿಗೆ ಬಿಟ್ಟ. "ಒಂದೊಂದು ಸಾಲೂ ನಡೆದದ್ದು."

"ಅಬ್ಬಾ! ಎಷ್ಟು ಜನ ಸರ್?"

"ಎಂಟು. ಎರಡೇ ವಾರದಲ್ಲಿ."

"ಎಲ್ಲಿ ಸಿಗ್ತಿದ್ರಿ?"

"ಎಲ್ಲಿ ಅಂದ್ರೆ? ಮನೇಲೇ. ಹಗಲು ಹೊತ್ತು."

"ಗಂಡಸೋ, ಹೆಂಗಸೋ..."

"ಭೇದ ಮಾಡಬಾರದಮ್ಮ. ಗಂಡ ಹೆಂಡತಿ ಜೊತೆಗೇ ಬಂದವರೂ ಇದ್ದರು. ನೋಡ್ತಾರೆ, ಮುಟ್ತಾರೆ, ತಟ್ಟಿ ನೋಡ್ತಾರೆ, ಇದೇ ಬೇಕು ಅಂತಾರೆ. ಬಾಗಿಲವರೆಗೆ ಹೋಗೋವಾಗ ಮನಸ್ಸು ಬದಲು! ಮನುಷ್ಯನ ಮನಸ್ಸು ಇಷ್ಟು ಚಂಚಲ. ಇದೇ ನನ್ನ ಹಾಡಿನ ತತ್ವ."

ಅವನು ಸುಳ್ಳು ಒಂದನ್ನೂ ಹೇಳಲಿಲ್ಲ, ಗಮನಿಸಿ. ಬೀರು ಎಂಬ ಎರಡಕ್ಷರ ಮಾತ್ರ ಬಿಟ್ಟಿದ್ದ.

ಆಸ್ಪತ್ರೆಯ ಇಸ್ತ್ರಿ ಮನೆಯಲ್ಲೂ ಒಂದು ರೇಡಿಯೋ ಇದೆ. ಇಪ್ಪತ್ತು ಹೆಂಗಸರು ಆವಿಯ ನಡುವೆ ನಿಂತು ಕೇಳುತ್ತಿದ್ದರಂತೆ. ಮೊದಲು, "ನಿನ್ನ ಯಜಮಾನರ ದನಿ ಎಷ್ಟು ಗಂಭೀರ ಕಣೇ" ಎಂದರಂತೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಇಸ್ತ್ರಿಯ ಕಡೆಗೆ ತಿರುಗಿದರಂತೆ. ಹದಿನೇಳು ವರ್ಷದ ಕೆಲಸದಲ್ಲಿ ಮೊದಲ ಸಲ ನನ್ನ ಮಗಳ ಕೈಯಲ್ಲಿ ಒಂದು ಹೊದಿಕೆ ಸುಟ್ಟುಹೋಯಿತು.

ಸಂಜೆ ಬಂದವಳು ಕೂಗಾಡಲಿಲ್ಲ. ಅದೇ ಭಯ. ಅವಳಮ್ಮನೂ ಹೀಗೇ ಇದ್ದಳು. ಪಾತ್ರೆ ಸದ್ದಾದರೆ ಪರವಾಗಿಲ್ಲ, ಸದ್ದಾಗದಿದ್ದರೆ ನಾನು ಚಪ್ಪಲಿ ಹುಡುಕುತ್ತಿದ್ದೆ.

"ಆ ಎಂಟು ಜನ ಯಾರು ಅಂತ ಹೇಳಿ" ಎಂದಳು.

"ಅದು... ಹಾಡು ಕಣೇ."

"ಹಾಡಿಗೆ ಎಂಟು ಅಂತ ಲೆಕ್ಕ ಹೇಗೆ ಬಂತು ರೀ? ಭಾನುವಾರದ ತನಕ ಸಮಯ. ನಿಜ ಹೇಳಿದ್ರೆ ನಾನು ಇಲ್ಲಿ. ಇಲ್ಲದಿದ್ರೆ ಆಸ್ಪತ್ರೆ ಕ್ವಾರ್ಟರ್ಸಲ್ಲಿ ಗೆಳತಿ ಜೊತೆ ಒಂದು ಮಂಚ ಖಾಲಿ ಇದೆ."

ಬೆಳಗ್ಗೆ ಅಳಿಯ ನನ್ನ ಕೆಟ್ಟ ಕಿವಿಯ ಕಡೆ ಬಗ್ಗಿ ಕೇಳಿದ: "ಮಾವ, ಮಧ್ಯಾಹ್ನದ ಹೊತ್ತು ನಿಮಗೇನೂ ಕೇಳಿಸಿಲ್ಲ ಅಲ್ವಾ?"

"ಏನಪ್ಪಾ?" ಎಂದೆ.

"ಏನಿಲ್ಲ" ಎಂದು ನಿಟ್ಟುಸಿರು ಬಿಟ್ಟ.

ನಾನೇ ಹೇಳಿಬಿಡಬಹುದಿತ್ತು. ಆದರೆ ಗಂಟು ಹಾಕಿದವನೇ ಬಿಚ್ಚಬೇಕು. ಅಲ್ಲದೆ, ನನ್ನ ಮಗಳನ್ನು ನಾನು ಬಲ್ಲೆ. ಎಂಟು ಜನರ ವಿಷಯಕ್ಕಿಂತ ಬೀರುವಿನ ವಿಷಯ ಅವನಿಗೆ ಹೆಚ್ಚು ಅಪಾಯ.

ಬುಧವಾರ ಕಚೇರಿಯಲ್ಲಿ ದೊಡ್ಡ ಸಾಹೇಬರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರಂತೆ. ಕೆಲಸ ಹೋಯಿತು ಎಂದುಕೊಂಡ. ಸಾಹೇಬರು ಕೆಮ್ಮಿದರು. ಟೇಬಲ್ಲಿನ ಮೇಲಿನ ಪೇಪರುಗಳನ್ನು ಎರಡು ಸಲ ಜೋಡಿಸಿದರು.

"ಅಲ್ಲಯ್ಯಾ... ನನ್ನ ಸ್ನೇಹಿತ ಒಬ್ಬ ಕೇಳ್ತಿದ್ದ. ಫೋಟೋ ಹೇಗೆ ತೆಗೀಬೇಕು?"

ಅಳಿಯನಿಗೆ ತಿಳಿದದ್ದು ಒಂದೇ. "ಹಗಲು ಬೆಳಕಲ್ಲಿ ಸಾರ್. ಎಣ್ಣೆ ಬಟ್ಟೇಲಿ ಒಂದ್ಸಲ ಒರೆಸಿದ್ರೆ ಎಷ್ಟು ಹಳೇದಾದ್ರೂ ಹೊಳೆಯುತ್ತೆ."

"ಹಳೇದು ಅಂತ ಮೊದಲೇ ಹೇಳ್ಬೇಕಾ?"

"ಹೇಳಿಬಿಡಿ ಸಾರ್. ಹಳೇದು, ಆದ್ರೆ ಗಟ್ಟಿ ಅಂತ."

ಸಾಹೇಬರು ಬರೆದುಕೊಂಡರು. ಗುರುವಾರ ಅವರು ಎಣ್ಣೆ ಹಚ್ಚಿದ ತಲೆಯೊಂದಿಗೆ ಬಂದರೆಂದು ಇಡೀ ಕಚೇರಿ ಮಾತಾಡಿತು.

ಅದೇ ಬುಧವಾರ ಸಂಜೆ ಅಳಿಯನ ಅಕ್ಕ ಎರಡು ಸೂಟ್‌ಕೇಸಿನೊಂದಿಗೆ ಬಂದಿಳಿದಳು. ಬಾಗಿಲಲ್ಲೇ ಶುರು. "ಲೋ, ನಮ್ಮ ವಂಶದಲ್ಲಿ ಯಾರಾದ್ರೂ ಹೀಗಿದ್ರೇನೋ! ಅಪ್ಪ ಬದುಕಿದ್ದಿದ್ರೆ ಸತ್ತೇ ಹೋಗೋರು!" ಅಳುವುದಕ್ಕೆ ಒಂದು ನಿಮಿಷ ಬಿಡುವು ಕೊಟ್ಟು, "ಆ ಗಂಡ ಹೆಂಡತಿ ಬಂದಿದ್ರಲ್ಲ, ನೋಡೋಕೆ ಹೇಗಿದ್ರೋ?" ಎಂದು ಕೇಳಿದಳು. ವಿಷಯ ಇತ್ಯರ್ಥವಾಗುವ ತನಕ ಕದಲುವುದಿಲ್ಲ ಎಂದು ನನ್ನ ಕೋಣೆ ಹಿಡಿದಳು. ನಾನು ಹಜಾರಕ್ಕೆ ಬಂದೆ.

ಎದುರುಮನೆಯಾಕೆ ಮೆಟ್ಟಿಲಲ್ಲಿ ಅಳಿಯನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಗೋಡೆಗೆ ಅಂಟುತ್ತಿದ್ದಳು. ಆಮೇಲೆ ಕಾಣದ ದಿನ ಇಣುಕಿ ನೋಡುತ್ತಿದ್ದಳು. ಅಳಿಯನೋ, ಒಳಗೆ ಹೆಂಡತಿಗೆ ಹೆದರಿ ಬೆಕ್ಕಾಗಿದ್ದವನು, ಹೊರಗೆ ಎದೆ ಎರಡಿಂಚು ಮುಂದೆ ಮಾಡಿಕೊಂಡೇ ನಡೆಯುತ್ತಿದ್ದ. ಕ್ಷೌರದವನು ಅವನಿಗೆ ಸರದಿ ಬಿಟ್ಟು ಮೊದಲೇ ಕೂರಿಸುತ್ತಿದ್ದ. ಇಷ್ಟು ವರ್ಷ ಸಿಗದ ಮರ್ಯಾದೆ, ಮಾನ ಹೋದಮೇಲೆ ಸಿಕ್ಕಿತ್ತು.

ಭಾನುವಾರ ಹತ್ತು ಗಂಟೆಗೆ ಕಟ್ಟಡದ ಸಂಘದವರು ಕೆಳಗಿನ ಹಾಲ್‌ನಲ್ಲಿ ಸಭೆ ಕರೆದರು. ವಿಷಯ: ಮೂರನೇ ಮಹಡಿಯ ನಿವಾಸಿಯಿಂದ ಹಾಡಿನ ವಿವರಣೆ. ಹೋದ ವರ್ಷ ನೀರಿನ ಟ್ಯಾಂಕು ಸೋರಿದಾಗ ಆರು ಜನ ಬಂದಿದ್ದರು. ಈ ಸಲ ಕುರ್ಚಿ ಸಾಲದೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಮೇಲೆ ವಿಷಯ ನೆನಪಾಗಿ ಮನೆಗೆ ಕಳಿಸಿದರು.

ಮಗಳು ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದ ಕುರ್ಚಿಯಲ್ಲಿ ಬಟ್ಟೆ ತುಂಬಿದ ಬ್ಯಾಗು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇವರು ನಿಜ ಹೇಳಿದ್ರೆ ಬ್ಯಾಗು ಮೇಲಕ್ಕೆ. ಇಲ್ಲದಿದ್ರೆ ಗೇಟಿಗೆ."

ಕಾರ್ಯದರ್ಶಿ ಕನ್ನಡಕ ಏರಿಸಿ ಗೇಟಿನ ಪುಸ್ತಕ ತೆರೆದರು. "ಮೂರು ಹತ್ತು. ಒಬ್ಬ ಗಂಡಸು, ಮುಖ ಮುಚ್ಚಿದೆ. ಹೊರಗೆ ಮೂರು ಇಪ್ಪತ್ತೈದು." ಹಾಲ್‌ನಲ್ಲಿ ಉಸಿರು ಕೇಳಿಸಿತು. "ನಾಲ್ಕು ಗಂಟೆ. ಒಬ್ಬ ವೃದ್ಧ ಮಹಿಳೆ, ಕೊಡೆ ಸಹಿತ."

"ಛೆ!" ಎಂದಳು ಎದುರುಮನೆಯಾಕೆ. "ಕೊಡೆ ಯಾಕ್ರೀ?"

"ಎರಡು ನಲವತ್ತು. ಒಬ್ಬ ಮಹಿಳೆ, ಟೇಪು ಸಹಿತ."

"ಟೇಪು!" ಎಂದು ಅಳಿಯನ ಅಕ್ಕ ಹಣೆ ಬಡಿದುಕೊಂಡಳು. "ನಮ್ಮ ವಂಶದಲ್ಲಿ ಟೇಪು!"

"ಐದು ಗಂಟೆ. ದಂಪತಿ." ಕಾರ್ಯದರ್ಶಿ ಹಾಳೆ ತಿರುಗಿಸಿ, ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಎರಡು ಐವತ್ತು. ಗಂಡಸರು ಮೂವರು. ಹಗ್ಗ... ಹಗ್ಗ ಸಹಿತ."

ಹಿಂದಿನ ಸಾಲಿನಲ್ಲಿ ಯಾರೋ, "ಅನುಭವಸ್ಥರು ಬಿಡ್ರಪ್ಪಾ" ಎಂದರು.

ಅಳಿಯ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಬಂಧುಗಳೇ, ಹಾಡು ಎಂದರೆ ಏನು? ಮನುಷ್ಯನ ಮನಸ್ಸು ಚಂಚಲ..."

"ಹಗ್ಗ ಯಾಕ್ರೀ?" ಎಂದಳು ಮಗಳು.

ಅವಳು ಬ್ಯಾಗಿನ ಹಿಡಿಗೆ ಕೈ ಹಾಕಿದಳು. ಅವನು ಆ ಕೈಯನ್ನು ನೋಡಿದ. ಎದೆ ಎರಡಿಂಚು ಹಿಂದೆ ಹೋಯಿತು. ಆಮೇಲೆ ನಾನು ಅವನಿಂದ ಹದಿನಾರು ವರ್ಷದಲ್ಲಿ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ: "ಬೀರುಗೆ."

"ಏನು?"

"ಬೀರು ಕಣೇ. ಮಾರೋಕೆ ಹೊರಟಿದ್ದೆ. ಅವರೆಲ್ಲ ಬೀರು ನೋಡೋಕೆ ಬಂದವರು. ನಾನು ಯಾರನ್ನೂ... ನನಗೆ ಯಾರು ಸಿಗ್ತಾರೆ, ನೀನೇ ಹೇಳು."

ಕೇಳಿದ್ದೇ ತಡ, ಹಾಲ್‌ಗೆ ಹಾಲೇ ನಕ್ಕಿತು. "ಇಷ್ಟು ಹೊತ್ತು ಯೋಚಿಸಿ ಇದೇನಾ ಸಿಕ್ಕಿದ್ದು?" ಎಂದರು ಕಾರ್ಯದರ್ಶಿ. ನಿಜ ಎಂಬುದು ಹೀಗೆ. ತಡವಾಗಿ ಬಂದರೆ ಅದಕ್ಕೆ ಕುರ್ಚಿ ಸಿಗುವುದಿಲ್ಲ.

ಆದರೆ ನನ್ನ ಮಗಳು ನಗಲಿಲ್ಲ. ಎದ್ದು ನಿಂತಳು. "ಬೀರುನಾ? ಅಪ್ಪ ಮಾಡಿದ ಬೀರುನಾ? ಅಪ್ಪ ಪಕ್ಕದ ಕೋಣೇಲಿ ಕೂತಿರೋವಾಗಲೇನಾ? ಎಂಟು ಜನ ಬಂದು ಅದನ್ನ ತಟ್ಟಿ ನೋಡಿದ್ರಾ? ಅಯ್ಯೋ, ಬೇರೆ ಏನಾದ್ರೂ ಮಾಡಿದ್ರೆ ಕ್ಷಮಿಸ್ತಿದ್ದೆನಲ್ರೀ!"

ಬ್ಯಾಗು ಕುರ್ಚಿಯಿಂದ ಮೇಲೆದ್ದಿತು. ಅದು ಮೆಟ್ಟಿಲಿನ ಕಡೆಗಲ್ಲ, ಗೇಟಿನ ಕಡೆಗೆ ತಿರುಗಿತು.

ಈಗ ನನ್ನ ಸರದಿ. ಮಂಡಿ ಹಿಡಿದುಕೊಂಡು ಎದ್ದೆ. "ಮಗಳೇ, ಬ್ಯಾಗು ಇಡು. ಕಾರ್ಯದರ್ಶಿಗಳೇ, ಆ ಶಾಲೆ ಮೇಡಂ ಥರ ಯಾರ ಹತ್ರಾದ್ರೂ ಟೇಪು ಇದೆಯಾ? ಎಲ್ಲರೂ ಮೇಲೆ ಬನ್ನಿ."

ಹಾಡಿನ ವಿವರಣೆಗೆ ಬಂದವರೆಲ್ಲ ಮೂರನೇ ಮಹಡಿಗೆ ಹತ್ತಿದರು. ಇಪ್ಪತ್ತು ಜನ ಕೋಣೆಯೊಳಗೆ, ಮಿಕ್ಕವರು ಮೆಟ್ಟಿಲ ಮೇಲೆ. "ಬೀರು ಅಳೆಯಿರಿ" ಎಂದೆ. ಕಾರ್ಯದರ್ಶಿ ಅಳೆದರು. ಆಳವೇ ಮೂರಡಿ. "ಬಾಗಿಲು ಅಳೆಯಿರಿ." ಎರಡೂವರೆ ಅಡಿ. ಕಿಟಕಿಗೆ ಕಬ್ಬಿಣದ ಸರಳು.

"ಹಲಗೆಗಳನ್ನ ಒಂದೊಂದಾಗಿ ಮೆಟ್ಟಿಲಲ್ಲಿ ಹೊತ್ತು ತಂದು ಇದೇ ಕೋಣೆಯೊಳಗೆ ಜೋಡಿಸಿದ್ದು ನಾನು" ಎಂದೆ. "ಯಾವ ಮಗ್ಗುಲಿಗೆ ತಿರುಗಿಸಿದ್ರೂ ಇದು ಹೊರಗೆ ಹೋಗಲ್ಲ. ಬಂದವರು ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡ್ತಿದ್ದದ್ದು ಅದಕ್ಕೇ. ಮುಖದ ಮೇಲೆ ಹೇಳೋಕೆ ಆಗದೆ ನಾಳೆ ಫೋನ್ ಮಾಡ್ತೀನಿ ಅಂತಿದ್ರು. ಹಗ್ಗದವರಿಗೆ ಮಾತ್ರ ನಾನೇ ಬಾಗಿಲು ತೋರಿಸಿದೆ. ಅವರು ಕೈಮುಗಿದು ಹೋದ್ರು."

ಅಳಿಯ ಬಾಗಿಲನ್ನು ನೋಡಿದ. ಬೀರುವನ್ನು ನೋಡಿದ. ಮತ್ತೆ ಬಾಗಿಲನ್ನು. "ಹಾಗಾದ್ರೆ ಮಾವ... ಮನಸ್ಸು ಚಂಚಲ ಅಂತ..."

"ಮನಸ್ಸೆಲ್ಲ ಸರಿಯಾಗೇ ಇತ್ತಪ್ಪ. ಅರ್ಧ ಅಡಿ ಕಡಿಮೆ ಬಿತ್ತು."

ಕೀರ್ತಿ ಅಷ್ಟು ಬೇಗ ಇಳಿದದ್ದನ್ನು ನಾನು ನೋಡಿಲ್ಲ. ಹಿಂದಿನ ಸಾಲಿನವನು "ಥೂ, ಬೀರುವಂತೆ" ಎನ್ನುತ್ತ ಇಳಿದುಹೋದ. ಎದುರುಮನೆಯಾಕೆ ಮೋಸಹೋದವಳ ಹಾಗೆ ಬಾಗಿಲು ಹಾಕಿಕೊಂಡಳು. ಅಳಿಯನ ಅಕ್ಕ ಊಟವಾದ ಮೇಲೆ ಎರಡೂ ಸೂಟ್‌ಕೇಸು ಎತ್ತಿಕೊಂಡು, "ಇಷ್ಟಕ್ಕೆ ನನ್ನ ನಾಲ್ಕು ದಿನ ಹಾಳು ಮಾಡಿದೆಯಲ್ಲೋ" ಎಂದು ಬೈದು ಹೋದಳು.

ಎಲ್ಲರೂ ಇಳಿದ ಮೇಲೆ ಮಗಳು ಬೀರುವಿಗೆ ಒರಗಿ ನಿಂತಿದ್ದಳು. "ಅಪ್ಪ, ಎಲ್ಲಾ ಕೇಳಿಸ್ಕೊಂಡು ಸುಮ್ನೆ ಕೂತಿದ್ರಾ?"

"ಹೋಗಲ್ಲ ಅಂತ ಗೊತ್ತಿತ್ತಲ್ಲ. ಯಾಕೆ ಗಾಬರಿಯಾಗಲಿ? ನಿನಗೆ ಅದು ಬೇಕು ಅಂತ ಅಷ್ಟೇ ನನ್ನ ಯೋಚನೆ."

ಅವಳು ಉಗುರು ನೋಡಿಕೊಂಡಳು. "ನನಗೆಲ್ಲಿ ಬೇಕಪ್ಪ? ಹದಿನಾರು ವರ್ಷದಿಂದ ಗೋಡೆಗೆ ಉಜ್ಜಿಕೊಂಡು ಮಂಚ ಹತ್ತುತ್ತಾ ಇದೀನಿ. ನಿಮಗೆ ನೋವಾಗುತ್ತೆ ಅಂತ ಇಟ್ಕೊಂಡೆ."

ಅಳಿಯ ನಮ್ಮಿಬ್ಬರ ಮುಖ ನೋಡಿದ. ಏನೋ ಹೇಳಲು ಬಾಯಿ ತೆಗೆದ. ಮಗಳು, "ನೀವು ಸುಮ್ನಿರಿ. ನಿಮ್ಮ ವಿಚಾರ ಬೇರೆ ಇದೆ" ಎಂದಳು. ಬ್ಯಾಗನ್ನು ಬಿಚ್ಚಿ ಬಟ್ಟೆಯನ್ನೆಲ್ಲ ಬೀರುವಿನಲ್ಲೇ ಜೋಡಿಸಿದಳು, ಸದ್ಯಕ್ಕೆ. ಸಂಜೆ ಪಾತ್ರೆಗಳು ಸದ್ದು ಮಾಡಿದವು. ನನಗೆ ಸಮಾಧಾನವಾಯಿತು.

ವಾಸನೆ ಮೆಚ್ಚಿದ ಆ ಹೆಣ್ಣುಮಗಳ ನಂಬರಿಗೆ ಫೋನು ಮಾಡಿದವಳು ನನ್ನ ಮಗಳೇ. "ಇದ್ದಕ್ಕಿದ್ದ ಹಾಗೆ ಬಾಗಿಲು ದೊಡ್ಡದಾಯಿತಾ?" ಎಂದು ಅವರು ಕೇಳಿದರಂತೆ. ಬಾಗಿಲು ಅಷ್ಟೇ ಇತ್ತು. ಆದರೆ ಆ ಬೀರುವಿನಲ್ಲಿ ಒಂದು ಮೊಳೆಯೂ ಇರಲಿಲ್ಲ. ಮೂವತ್ತೆರಡು ಮರದ ಗೂಟ. ಯಾವ ಗೂಟಕ್ಕೆ ಯಾವ ಕಡೆಯಿಂದ ತಟ್ಟಬೇಕೆಂದು ಬಲ್ಲವನು ಒಬ್ಬನೇ. ಮುಂದಿನ ಗುರುವಾರ ಬೆಳಗ್ಗೆ ಗಂಡ ಹೆಂಡತಿ ಗಾಡಿ ತಂದರು. ನಾನು ಸುತ್ತಿಗೆ ಹಿಡಿದು ಒಂದೂವರೆ ಗಂಟೆಯಲ್ಲಿ ಬಿಚ್ಚಿಕೊಟ್ಟೆ. ಒಂದು ಗೂಟವೂ ಮುರಿಯಲಿಲ್ಲ. ಅಳಿಯ ರಜೆ ಹಾಕಿ ಎಲ್ಲಾ ಹಲಗೆ ಹೊತ್ತ. ಹೊತ್ತು ಬಂದು, ಬೆವರು ಒರೆಸಿಕೊಂಡು, ತನ್ನ ಹೊಸ ಮೇಜಿಗೆ ಜಾಗ ಅಳೆಯಲು ನಿಂತ. ಈ ಸಲ ಮೊದಲು ಬಾಗಿಲು ಅಳೆದ.

ಅವರ ಮನೆಯಲ್ಲಿ ಮತ್ತೆ ಜೋಡಿಸಿಕೊಡಬೇಕಲ್ಲ, ನಾನೂ ಗಾಡಿ ಹತ್ತಿದೆ. ಗೇಟಿನವನು ಪುಸ್ತಕ ತೆರೆದು, ಪೆನ್ನು ನಾಲಿಗೆಗೆ ತಾಗಿಸಿ, "ತಾತ, ಇವರ ಹೆಸರೇನಂತೆ?" ಎಂದ.

ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಇಷ್ಟು ಹೊತ್ತಾದರೂ ಯಾರೂ ಯಾರನ್ನೂ ಕೇಳಿರಲಿಲ್ಲ.

"ಆ ಜಾಗ ಹಾಗೇ ಬಿಡಪ್ಪ" ಎಂದೆ.

ಅವನು ಬಿಟ್ಟ. ಮಿಕ್ಕದ್ದನ್ನು ದುಂಡಾಗಿ ಬರೆದ. ಇವತ್ತಿಗೂ ಇದೆ, ಬೇಕಾದವರು ನೋಡಬಹುದು: ಗುರುವಾರ, ಹನ್ನೊಂದು ಇಪ್ಪತ್ತು. ಹೊರಗೆ: ದಂಪತಿ, ತಾತ, ಬೀರು.